ಕಲಾಯಿ ಹಾಕಿದ ಕೊಪ್ಪರಿಗೆ

ಒಂಬತ್ತನೆಯ ಮರಿಯೂ ಹಿಂಗಾಲು ಎಳೆಯತೊಡಗಿದಾಗ ಗೌರವ್ವ ಅಳಲಿಲ್ಲ. ಅತ್ತರೆ ಜಕ್ಕಲಿಯ ಜನಕ್ಕೆ ಕನಿಕರ ಬರುತ್ತದೆ. ಕನಿಕರ ಬಂದವರು ಬುದ್ಧಿ ಹೇಳದೆ ಎದ್ದು ಹೋಗುವುದಿಲ್ಲ. ಅವಳಿಗೆ ಎರಡೂ ಬೇಕಿರಲಿಲ್ಲ. ಕುರಿದಡ್ಡಿಯ ಮುಳ್ಳುಬೇಲಿಯೊಳಗೆ ಕುಕ್ಕರಗಾಲಲ್ಲಿ ಕುಳಿತು, ಹುಟ್ಟಿ ನಾಲ್ಕು ದಿನವಾದ ಕರಿಯ ಮರಿಯನ್ನು ಎತ್ತಿ ನಿಲ್ಲಿಸಿದಳು. ಮುಂಗಾಲು ನಿಂತವು. ಸೊಂಟ ಮಾತ್ರ ಕುಡಿದವನ ಸೊಂಟದಂತೆ ಅತ್ತಿತ್ತ ಓಲಾಡಿತು. ಹಿಂದಿನ ಎರಡೂ ಕಾಲು ಮಡಿಚಿ, ಮರಿ ನಾಯಿಯ ಹಾಗೆ ಕುಳಿತುಬಿಟ್ಟಿತು. ಕಣ್ಣು ಚುರುಕಾಗಿತ್ತು, ಹಸಿವು ಚೆನ್ನಾಗಿತ್ತು, ಕೂಗು ಊರ ಅಗಸೆಬಾಗಿಲವರೆಗೆ ಕೇಳುವಂತಿತ್ತು. ನಡೆಯುವುದೊಂದು ಬಿಟ್ಟು ಕುರಿಮರಿ ಮಾಡಬೇಕಾದ್ದನ್ನೆಲ್ಲ ಅದು ಮಾಡುತ್ತಿತ್ತು.

ಬೇಲಿಯ ಹೊರಗೆ ಮೈದುನ ಉಡಚಪ್ಪ ನಿಂತಿದ್ದ.

"ಒಂಬತ್ತಾತು ನೋಡು, ಅತ್ತಿಗಿ."

"ನನಗೂ ಎಣಿಸಾಕ ಬರತೈತಿ."

"ಜನಾ ಏನಂತಾರ ಗೊತ್ತೈತಿಲ್ಲ?"

"ಜನಾ ಅಂದ್ರ ಯಾರು? ನೀನಾ?"

ಜನ ಅನ್ನುತ್ತಿದ್ದುದು ಇಷ್ಟು: ಗಂಡ ಸತ್ತ ಹೆಂಗಸು ಗಬ್ಬದ ಕುರಿಯ ಮುಂದೆ ಕೋಲು ಹಿಡಿದು ನಡೆಯಬಾರದು, ನೆರಳು ಬಿದ್ದರೆ ಹೊಟ್ಟೆಯೊಳಗಿನ ಮರಿಗೆ ಸೊಂಟ ಕೂಡುವುದಿಲ್ಲ. ಈ ಕಟ್ಟಳೆಯನ್ನು ಯಾರು ಯಾವಾಗ ಮಾಡಿದರೋ ತಿಳಿಯದು. ಗೌರವ್ವನ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮೊದಲೆರಡು ವರ್ಷ ಅವಳ ಹಿಂಡಿನಲ್ಲಿ ಮರಿಗಳು ಕುಣಿದಾಡುತ್ತಿದ್ದಾಗ ಕಟ್ಟಳೆ ಎಲ್ಲಿಯೋ ಮಲಗಿತ್ತು. ಈ ಕಾರ್ತೀಕದಲ್ಲಿ ಎದ್ದು ಮೈಮುರಿದು ನೇರ ಅವಳ ಬಾಗಿಲಿಗೇ ಬಂದಿತ್ತು. ಬೀರಪ್ಪನ ಗುಡಿಯ ಮುಂದೆ ಬರುವ ಸೋಮವಾರ ದೈವ ಕೂಡುವುದೆಂದೂ, ಊರ ಹಿರಿಯರ ಆ ಸಭೆ ಅರವತ್ತು ಕುರಿಗಳ ಹಿಂಡನ್ನು ಉಡಚಪ್ಪನ ಕೈಗೆ ಒಪ್ಪಿಸುವುದೆಂದೂ ಊರೆಲ್ಲ ಮಾತಾಗಿತ್ತು. ಗೌರವ್ವನಿಗೆ ಅವನ ಮನೆಯಲ್ಲಿ ಒಂದು ಮೂಲೆ, ಎರಡು ಹೊತ್ತು ರೊಟ್ಟಿ. ಉಡಚಪ್ಪ ಅಷ್ಟು ಉದಾರಿ.

"ಸೋಮವಾರ ಇನ್ನಾ ಐದ ದಿನಾ ಐತಿ. ಅಲ್ಲೀತನಕಾ ಕೋಲು ನನ್ನ ಕೈಯಾಗ ಐತಿ. ಬೇಲಿಗೆ ಭಾಳ ಹತ್ರ ನಿಂದರಬ್ಯಾಡ," ಎಂದಳು ಗೌರವ್ವ.

ಮರುದಿನ ನಸುಕಿನಲ್ಲೇ ಆ ಕರಿಯ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವಳು ರೋಣದ ಹಾದಿ ಹಿಡಿದಳು. ಹಾದಿಯುದ್ದಕ್ಕೂ ಬೈಯುತ್ತ ಹೋದಳು: ಮೈದುನನನ್ನು, ಹಿರಿಯರನ್ನು, ಸಾಯುವ ಮುಂಚೆ ಒಂದು ಮಾತು ಹೇಳದೆ ಹೋದ ಗಂಡನನ್ನು. ಮರಿ ಆಗಾಗ ಕೂಗಿ ಹೌದೆನ್ನುತ್ತಿತ್ತು.

ರೋಣದ ದನದ ದವಾಖಾನೆ ಮುಂಬೈ ಸರ್ಕಾರದಿಂದ ಮೈಸೂರು ಸರ್ಕಾರಕ್ಕೆ ಬಂದು ಎರಡು ವರ್ಷವಾಗಿತ್ತು. ಬಾಗಿಲ ಮೇಲಿನ ಬೋರ್ಡಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಡಾಕ್ಟರ ಶ್ರೀನಿವಾಸನಿಗೆ ಮೂವತ್ತರ ಆಸುಪಾಸು, ಧಾರವಾಡದವನು. ಓದಿದ್ದು ಬಹಳ, ಔಷಧ ಕಪಾಟಿನಲ್ಲಿದ್ದುದು ಕಡಿಮೆ. ಅವನು ಮರಿಯನ್ನು ನೆಲಕ್ಕೆ ಬಿಟ್ಟು ನಡೆಸಿದ, ಬೀಳುವುದನ್ನು ನೋಡಿದ, ಮತ್ತೆ ಎತ್ತಿ ನಡೆಸಿದ. ಮೂರನೆಯ ಸಲ ನಡೆಸಹೊರಟಾಗ ಗೌರವ್ವ ಗದರಿದಳು.

"ಬೀಳ್ತೈತಿ ಅಂತ ಎರಡ ಸಲ ನೋಡಿದ್ರಲ್ಲರಿ. ಮೂರನೇದ ಸಲ ಹಾರತೈತೇನು?"

ಶ್ರೀನಿವಾಸ ನಾಚಿ ಮರಿಯನ್ನು ಅವಳ ಮಡಿಲಿಗೆ ಕೊಟ್ಟ. ಆಮೇಲೆ ಪ್ರಶ್ನೆ ಸುರುಮಾಡಿದ. ಮೇವು ಎಲ್ಲಿ? ಊರ ಸುತ್ತಿನ ಎರೆಹೊಲದಲ್ಲಿ. ಉಳಿದವರಂತೆ ಗಜೇಂದ್ರಗಡದ ಗುಡ್ಡಕ್ಕೆ ವಲಸೆ ಹೋಗುವುದಿಲ್ಲವೆ? ಅವಳ ಮನೆಯವರು ಮೊದಲಿನಿಂದಲೂ ಹೋದವರಲ್ಲ. ವರ್ಷವಿಡೀ ಅದೇ ಸುಣ್ಣದ ಹರಳಿನ ಭೂಮಿ. ಉಣ್ಣೆ ಹೇಗಿದೆ?

ಈ ಪ್ರಶ್ನೆಗೆ ಗೌರವ್ವ ತಲೆಯೆತ್ತಿದಳು. ಅದನ್ನು ಯಾರೂ ಕೇಳಿರಲಿಲ್ಲ.

"ಕರೀ ಕುರಿ ಉಣ್ಣಿ ಕೆಂಪಗ ಆಗೇತ್ರಿ, ತುಕ್ಕ ಹಿಡಿದ ಕುಡಗೋಲಿನಂಗ. ಮೊದಲ ಗುಂಗುರ ಇರ್ತಿತ್ತು, ಈಗ ಕುದರಿ ಬಾಲದಂಗ ನೆಟ್ಟಗ ಬರತೈತಿ. ಕದರಿಗೆ ಹಚ್ಚಿದ್ರ ನೂಲ ಆಗವಲ್ದು."

ಶ್ರೀನಿವಾಸ ಕುರ್ಚಿಯಿಂದ ಎದ್ದೇ ಬಿಟ್ಟ. ಕಪಾಟಿನ ತಳದಿಂದ ಧೂಳು ಹಿಡಿದ ಪುಸ್ತಕವೊಂದನ್ನು ಎಳೆದು, ಹಾಳೆ ತಿರುವಿ, ಒಂದು ಕುರಿಮರಿಯ ಚಿತ್ರ ತೋರಿಸಿದ. ಪರದೇಶದ ಬಿಳಿ ಮರಿ. ಕುಳಿತ ಭಂಗಿ ಮಾತ್ರ ಜಕ್ಕಲಿಯದೇ.

"ತಾಮ್ರ ಕಡಿಮಿ ಬಿದ್ದದ, ಇರಬಹುದು," ಎಂದ. "ತಾಯಿ ಮೈಯಾಗ ತಾಮ್ರ ಸಾಲಲಿಲ್ಲಂದ್ರ ಹೊಟ್ಟಿಯೊಳಗಿನ ಮರಿಗೆ ಬೆನ್ನಹುರಿ ಸರಿಯಾಗಿ ಬಲಿಯೂದಿಲ್ಲ. ಉಣ್ಣಿ ಬಣ್ಣಾನೂ ಹೋಗ್ತದ. ಭಾಳ ಬೇಕಾಗೂದಿಲ್ಲವ್ವಾ, ದಿನಕ್ಕ ಎರಡ ಸಾಸಿವಿ ಕಾಳಿನ ತೂಕ ಸಾಕು. ಅಷ್ಟೂ ಇಲ್ಲಂದ್ರ ಹಿಂಗ."

"ಎರಡ ಸಾಸಿವಿ ಕಾಳಿಗೆ ಒಂಬತ್ತು ಮರೀರಿ?"

"ಬೆನ್ನಹುರಿ ಅಂದ್ರ ಬಹಳಷ್ಟು ಕೊಬ್ಬು. ಗಾಳಿ ತಾಗಿದ್ರ ಎಣ್ಣಿ ಕಮಟು ಆಗೂದಿಲ್ಲೇನು? ನಾವು ಉಸಿರಾಡಿದ ಗಾಳೀನೂ ಮೈಯೊಳಗ ಅದ ಕೆಲಸಾ ಮಾಡ್ತದ. ಅದನ್ನ ತಡಿಲಿಕ್ಕೆ ಮೈ ತನ್ನೊಳಗ ಕಾವಲು ಇಟ್ಟದ. ಕೆಲವು ಕಾವಲುಗಾರರ ಕೈಯಾಗ ಒಂದೊಂದು ಹರಳು ತಾಮ್ರ ಅದ ಅಂತ ಕೆಲವ್ರ ಊಹಾ. ಇನ್ನೂ ಪಕ್ಕಾ ಆಗಿಲ್ಲ."

ಗೌರವ್ವನಿಗೆ ಇದು ಒಪ್ಪಲಿಲ್ಲ. "ಕಲಾಯಿ ಇಲ್ಲದ ತಾಮ್ರದಾಗ ತುಪ್ಪ ಇಟ್ರ ನಾಕ ದಿನಕ್ಕ ಕೆಟ್ಟ ನಾತ ಹೊಡಿತೈತಿ. ಹೊರಗ ತುಪ್ಪಾ ಕೆಡಸೂ ತಾಮ್ರ ಒಳಗ ಹೋಗಿ ಕೊಬ್ಬು ಕಾಯ್ತೈತೇನ್ರಿ?"

"ಅಲ್ಲೇ ಮಜಾ ಇರೂದು!" ಎಂದ ಶ್ರೀನಿವಾಸ, ತನ್ನ ಪರೀಕ್ಷೆಯಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲವೆಂಬಂತೆ. "ಬಿಟ್ರ ಕಳ್ಳ, ಕಟ್ಟಿ ಹಾಕಿದ್ರ ಕಾವಲುಗಾರ. ಮೈ ಅದನ್ನ ಕಟ್ಟಿಹಾಕಿ ದುಡಿಸಿಕೋತದ. ಅದಕ್ಕ ಹೆಚ್ಚಾದ್ರ ವಿಷ, ಕುರಿ ಸಾಯ್ತಾವ. ಕಡಿಮಿಯಾದ್ರ ಹಿಂಗ ಕೂಡ್ತಾವ."

ಗೌರವ್ವನ ಕೈ ಮರಿಯ ಬೆನ್ನ ಮೇಲೆ ನಿಂತಿತು.

"ಡಾಕ್ಟರ್ರ, ನೀವು ಅನ್ನೂ ತಾಮ್ರ, ಕೊಪ್ಪರಿಗಿ ತಾಮ್ರನಾ?"

ಅವಳ ಮನೆಯಲ್ಲಿ ಅಗಲಬಾಯಿಯ ತಾಮ್ರದ ಕೊಪ್ಪರಿಗೆಯೊಂದಿತ್ತು. ವಾರಕ್ಕೆರಡು ಸಲ ಅದರಲ್ಲಿ ಉಪ್ಪುನೀರಿಗೆ ಹುಳಿಮಜ್ಜಿಗೆ ಬೆರೆಸಿ, ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಕುರಿಗಳಿಗೆ ಕುಡಿಸುವ ರೂಢಿ. ಅತ್ತೆ ಚನ್ನವ್ವ ಬದುಕಿರುವವರೆಗೆ ಅದರ ಒಳಮೈಯನ್ನು ತಿಕ್ಕಗೊಡುತ್ತಿರಲಿಲ್ಲ, ಕಲಾಯಿ ಹಾಕಿಸಗೊಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಮುದುಕಿ ಹೇಳುತ್ತಿದ್ದುದು ಒಂದೇ: "ನಮ್ಮತ್ತಿ ಹಾಕಸ್ತಿದ್ದಿಲ್ಲ." ಒಳಗೆಲ್ಲ ಹಸಿರು ಕಿಲುಬು. ನೋಡಿದವರು ಮೂಗು ಮುರಿಯುತ್ತಿದ್ದರು. ಹೋದ ವೈಶಾಖದಲ್ಲಿ ಉಡಚಪ್ಪ ಮಗಳ ಮದುವೆಗೆ ಸಾರು ಕಾಯಿಸಲೆಂದು ಕೊಪ್ಪರಿಗೆ ಒಯ್ದ. ಕಿಲುಬಿನಲ್ಲಿ ಹುಣಸೆಹುಳಿ ಕುದಿಸಿದರೆ ಬೀಗರು ಮಂಟಪದಲ್ಲೇ ಮಲಗುತ್ತಾರೆಂದು ಕಲಾಯಿ ಹಾಕಿಸಿದ, ಅದು ಸರಿಯೇ. ಮದುವೆ ಮುಗಿದ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಕೊಪ್ಪರಿಗೆಯನ್ನು ತಲೆಯ ಮೇಲೆ ಹೊತ್ತು ತಂದುಕೊಟ್ಟ. ಓಣಿಯ ಹೆಂಗಸರು ಬಂದು ಅದರೊಳಗೆ ಮುಖ ನೋಡಿಕೊಂಡು ಹೋದರು. ಗೌರವ್ವನೂ ನೋಡಿಕೊಂಡಿದ್ದಳು.

ಏಳು ತಿಂಗಳು ಕುರಿಗಳು ತವರದ ಹೊಳಪಿನಿಂದ ಉಪ್ಪುನೀರು ಕುಡಿದಿದ್ದವು.

ಅವಳು ಹೇಳಿ ಮುಗಿಸುವಷ್ಟರಲ್ಲಿ ಶ್ರೀನಿವಾಸ ಟೋಪಿ ತೆಗೆದು ಮೇಜಿನ ಮೇಲಿಟ್ಟಿದ್ದ. "ಇರಬಹುದು," ಎಂದ ಮೆಲ್ಲಗೆ. "ನಿಮ್ಮ ಭೂಮಿಯ ಮೇವಿನಾಗ ಸಿಗದ್ದು ಆ ಕಿಲುಬಿನಾಗ ಸಿಗ್ತಿತ್ತು, ಇರಬಹುದು."

"ಎಲ್ಲಾ ಇರಬಹುದು! ಹೌದಂತ ಒಮ್ಮೆ ಅನ್ರಿ."

"ರಕ್ತಾ ಕಳಿಸಿ ಪರೀಕ್ಷಾ ಮಾಡಿಸದ ಹೆಂಗ ಅನ್ನಲಿ, ಯವ್ವಾ?"

ಈ ಮನುಷ್ಯ ಸುಳ್ಳು ಹೇಳಲಾರ ಎಂಬುದು ಅವಳಿಗೆ ತಿಳಿಯಿತು. ಅದರಿಂದ ಸಿಟ್ಟು ಇಳಿಯಲಿಲ್ಲ, ಏರಿತು. ಸುಳ್ಳು ಹೇಳುವವರೆಲ್ಲ ಅವಳ ಎದುರಿನ ಪಾಳೆಯದಲ್ಲಿದ್ದರು. ಅವಳ ಪಾಲಿಗೆ ಬಂದವನು ಇವನೊಬ್ಬ.

"ಸೋಮವಾರ ನಮ್ಮೂರಿಗೆ ಬರ್ರಿ," ಎಂದಳು. "ಆ ಇರಬಹುದು ಅನ್ನೂದನ್ನರ ದೈವದ ಮುಂದ ಹೇಳ್ರಿ."

ಬಂದ, ಸೈಕಲ್ಲಿನ ಮೇಲೆ, ಎರೆಮಣ್ಣಿನ ರಾಡಿಯಲ್ಲಿ ಅರ್ಧ ದಾರಿ ಸೈಕಲ್ಲನ್ನೇ ಹೊತ್ತುಕೊಂಡು. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು. ನಡುವೆ ಗುರುಸಂಗಪ್ಪ ಸಾಹುಕಾರ. ದೇವರು ಕುರುಬರದಾದರೂ ಊರಿನ ದೊಡ್ಡ ಹೊಲ ಸಾಹುಕಾರನದು. ದೊಡ್ಡ ಹೊಲವಿದ್ದವನಿಗೆ ಯಾವ ಕಟ್ಟೆಯ ಮೇಲಾದರೂ ನಡುವಿನ ಜಾಗ ತಾನಾಗಿ ತೆರವಾಗುತ್ತದೆ. ವರ್ಷವರ್ಷ ಗೌರವ್ವನ ಹಿಂಡು ಅವನ ಹೊಲದಲ್ಲೇ ರಾತ್ರಿ ತಂಗಿ, ಕಾಳಿಗೆ ಬದಲಾಗಿ ಗೊಬ್ಬರ ಬೀಳಿಸುತ್ತಿತ್ತು. ಈ ವರ್ಷ ಅವನು ಬೇಡವೆಂದಿದ್ದ.

ಶ್ರೀನಿವಾಸ ಹೇಳಿದ್ದನ್ನೆಲ್ಲ ಕೇಳಿ ಸಾಹುಕಾರ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ.

"ಅಂದ್ರ ಡಾಕ್ಟರ್, ಕಿಲುಬು ಕುಡಿದ್ರ ಕುರಿ ಓಡ್ತಾವ, ಕಲಾಯಿ ಕಂಡ್ರ ಕುಂಟ್ತಾವ. ಹಂಗಾರ ನಮ್ಮನ್ಯಾಗಿನ ಪಾತ್ರೀನೂ ಕೆರಸೂನೇನು?"

ಕಟ್ಟೆಯೆಲ್ಲ ನಕ್ಕಿತು.

"ನಿಮ್ಮ ಪಾತ್ರಿಗೆ ಕಲಾಯಿ ಬೇಕ್ರಿ. ನೀವು ಕಾಳುಕಡಿ ಎಲ್ಲಾ ತಿಂತೀರಿ, ನಿಮಗ ತಾಮ್ರ ಸಿಗ್ತದ. ಈ ಕುರಿಗೋಳಿಗೆ ಇಲ್ಲಿ ಮೇವಿನಾಗ ಸಿಗವಲ್ದು, ಇರಬಹುದು."

"ಇರಬಹುದಂತ!" ಉಡಚಪ್ಪ ಆ ಮಾತನ್ನು ನೆಲಕ್ಕೆ ಬೀಳಗೊಡದೆ ಹಿಡಿದ. "ಕೇಳಿದ್ರಿಲ್ಲೋ ಹಿರ್ಯಾರ? ಸರ್ಕಾರದ ಡಾಕ್ಟರಗ ಗೊತ್ತಿಲ್ಲ!"

ಗೌರವ್ವ ಎದ್ದು ನಿಂತಳು. ದೈವದ ಮುಂದೆ ಹೆಂಗಸು ಎದ್ದು ನಿಂತು ಮಾತನಾಡುವ ರೂಢಿಯಿರಲಿಲ್ಲ. ಆ ಕಟ್ಟಳೆಯೂ ಅಂದು ಕೊಂಚ ಹೊತ್ತು ಮಲಗಬೇಕಾಯಿತು.

"ಆಂವಾ ಓದಿದಾಂವ ಇರಬಹುದು ಅಂತಾನ. ನೀವು ನನ್ನ ನೆಳ್ಳ ಬಿದ್ದ ಮರಿ ಕುಂಟಿದ್ವು ಅಂದ್ರೆಲ್ಲಾ, ಅವಾಗ ಒಬ್ಬರರ ಇರಬಹುದು ಅಂದ್ರೇನು? ಅವಾಗ ಎಲ್ಲಾರಿಗೂ ಪಕ್ಕಾ ಗೊತ್ತಿತ್ತು! ನನ್ನ ನೆಳ್ಳಿನ ರಕ್ತಾ ಯಾವಾಗ ಪರೀಕ್ಷಾ ಮಾಡಿಸಿದ್ರಿ ಸಾಹುಕಾರ್ರ?"

ಹಿಂದೆ ಕುಳಿತ ಒಬ್ಬ ಮುದುಕ ನಗು ಮುಚ್ಚಲು ಕೆಮ್ಮಿದಂತೆ ಮಾಡಿದ.

"ಹದಿನೆಂಟ ಕುರಿ ಇನ್ನಾ ಈಯೋದೈತಿ," ಎಂದಳು. "ಈ ಡಾಕ್ಟರ ಹೇಳಿದಂಗ ಮಾಡ್ತೀನಿ. ನನ್ನ ನೆಳ್ಳ ಅವುಗಳ ಮ್ಯಾಲೆ ಹಗಲೆಲ್ಲಾ ಬೀಳ್ತೈತಿ. ಮಾಘದಾಗ ಭಾರತ ಹುಣ್ಣಿಮಿಗೆ ಬಂದು ನೋಡ್ರಿ."

"ಒಂದ ಮರಿ ಕುಂಟಿದ್ರೂ ಕೋಲು ನನ್ನ ಕೈಗೆ," ಎಂದ ಉಡಚಪ್ಪ.

"ಒಂದ ಕುಂಟಿದ್ರೂ!" ಎಂದಳು ಗೌರವ್ವ.

ಶ್ರೀನಿವಾಸ ಜೋರಾಗಿ ಕೆಮ್ಮಿದ, ಕೈ ಎತ್ತಿದ. ಅಷ್ಟರಲ್ಲಿ ಮಾತು ಹೋಗಿಬಿಟ್ಟಿತ್ತು. ಹಿರಿಯರು ಹೂಂ ಎಂದು ಎದ್ದಿದ್ದರು. ಅವನು ಅವಳನ್ನು ಪಕ್ಕಕ್ಕೆ ಕರೆದು, "ಏನು ಮಾಡಿದಿ, ಯವ್ವಾ?" ಎಂದ. "ಮೊದಲ ಈಯೂ ಕುರಿ ಹೊಟ್ಟಿಯೊಳಗಿನ ಮರೀದು ಹುರಿ ಈಗಾಗಲೇ ಕೆಟ್ಟಿರಬಹುದು. ಅದಕ್ಕ ನನ್ನ ಔಷಧ ಮುಟ್ಟೂದಿಲ್ಲ."

ಅವಳು ತನ್ನ ಸಿಟ್ಟನ್ನೇ ಮೊದಲ ಸಲ ಬೈದುಕೊಂಡಳು. ಬಾಯಿಬಿಟ್ಟು ಮಾತ್ರ, "ಔಷಧ ಕೊಡ್ರಿ," ಎಂದಳು.

ಔಷಧವೆಂದರೆ ಸೀಸೆಯೊಳಗಿನ ನೀಲಿ ನೀರು. ಅದು ಮೈಲುತುತ್ತವೆಂದು ಊರ ಮಕ್ಕಳಿಗೂ ಗೊತ್ತು. ಜೋಳದ ಬೀಜಕ್ಕೆ ಕಾಡಿಗೆ ರೋಗ ಬರದಂತೆ ಅದರಲ್ಲೇ ನೆನೆಸುತ್ತಾರೆ, ಬಾಯಿಗೆ ಹಾಕಿಕೊಂಡವನು ಸಾಯುತ್ತಾನೆ. ವಾರಕ್ಕೊಂದೇ ಚಮಚ, ನೀರು ಬೆರೆಸಿ. ಲಗೂ ಗುಣವಾಗಲೆಂದು ಎರಡು ಹಾಕಿದರೆ ಹಿಂಡೇ ಹೋದೀತೆಂದು ಶ್ರೀನಿವಾಸ ನಾಲ್ಕು ಸಲ ಹೇಳಿದ. ಅತ್ತಿಗೆ ಕುರಿಗೆ ವಿಷ ಕುಡಿಸುತ್ತಿದ್ದಾಳೆಂದು ಉಡಚಪ್ಪ ಓಣಿಓಣಿಯಲ್ಲಿ ಹೇಳಿ ಬಂದ. ಮೊದಲ ದಿನ ಒಂದೊಂದೇ ಕುರಿಯ ದವಡೆ ಬಿಡಿಸಿ ಚಮಚ ಸುರಿಯುವಾಗ ಗೌರವ್ವ ಅಳತೆಯನ್ನು ಎರಡೆರಡು ಸಲ ನೋಡಿದಳು. ಬೈಗುಳಕ್ಕೆ ಮಾತ್ರ ಅಳತೆಯಿರಲಿಲ್ಲ.

ಔಷಧ ಸುರುವಾದ ಮೇಲೆ ಕೊಪ್ಪರಿಗೆಯನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ರೋಣದ ಕಾಶೀಂಸಾಬನ ಹತ್ತಿರ ಹೋದಳು. ಕಲಾಯಿ ಹಾಕಿದ್ದವನು ಅವನೇ. ಬೇವಿನ ಬುಡದಲ್ಲಿ ತಿದಿ ಒತ್ತುತ್ತ ಕುಳಿತಿದ್ದ ಮುದುಕ ಅವಳ ಮಾತು ಕೇಳಿ ತಿದಿ ನಿಲ್ಲಿಸಿದ.

"ಕಲಾಯಿ ತಗೀಲ್ಯಾ? ನಲವತ್ತ ವರ್ಷದಾಗ ಹಾಕು ಅಂದಾವರ ಎಲ್ಲಾ. ಚಲೋ ಆಗಿಲ್ಲೇನವ್ವಾ?"

"ಭಾಳ ಚಲೋ ಆಗೇತಿ, ಮಾಮಾ. ಅದ ತ್ರಾಸು."

ಮುದುಕ ಒಳಗೆ ಕೈಯಾಡಿಸಿದ. ತನ್ನ ಕೆಲಸದ ನುಣುಪಿಗೆ ತಾನೇ ಒಂದು ಗಳಿಗೆ ಸೋತ. "ಇದರ ಕಿಲುಬು ಬಿಡಸೂದ್ರಾಗ ನನ್ನ ಉಗುರು ಹೋಗಿದ್ವು. ನಾ ಕೇಳೇನಿ ಉಡಚಪ್ಪಗ: ಚನ್ನವ್ವ ಎಂದೂ ಇದಕ್ಕ ಕಲಾಯಿ ಹಾಕಸ್ಲಿಲ್ಲ, ಮನಿಯಾಗ ಕೇಳೀಯೇನು, ಅಂತ. ಮುದುಕಿ ಹೋತು, ಮುದುಕಿ ಮಾತೂ ಹೋತು, ಅಂದ."

ಬೈಗುಳ ಮುಗಿದುಹೋಗುವಷ್ಟು ಸಿಟ್ಟು ಗೌರವ್ವನಿಗೆ ಬಂದದ್ದು ಅದೇ ಮೊದಲು.

ಕಾಶೀಂಸಾಬ ಕೊಪ್ಪರಿಗೆಯನ್ನು ಕೆಂಡದ ಮೇಲೆ ಮಗುಚಿ ಕಾಯಿಸಿ, ಕರಗಿದ ತವರವನ್ನು ಹಳೆಯ ಅರಿವೆಯಿಂದ ಒರೆಸಿ ತೆಗೆದ. ಉಳಿದದ್ದನ್ನು ಅವಳು ಇಟ್ಟಂಗಿ ಚೂರು, ಉಸುಕು ಹಾಕಿ ಎರಡು ದಿನ ತಿಕ್ಕಿದಳು. ಕೆಂಪು ತಾಮ್ರ ಕಂಡಮೇಲೆ ಉಪ್ಪು, ಹುಳಿಮಜ್ಜಿಗೆ ಸುರಿದು ಬಾಯಿ ಮುಚ್ಚಿಟ್ಟಳು. ಶ್ರೀನಿವಾಸನ ಸೀಸೆ ಮುಗಿಯುವವರೆಗೆ ಕೊಪ್ಪರಿಗೆಯ ನೀರು ಬೇಡವೆಂದು ಅಪ್ಪಣೆಯಾಗಿತ್ತು.

ಮೂರನೆಯ ವಾರದಲ್ಲಿ ಮೊದಲ ಕುರಿ ಈದಿತು. ಮರಿ ಎದ್ದಿತು, ಎರಡು ಹೆಜ್ಜೆ ಇಟ್ಟಿತು, ನಾಯಿಯ ಹಾಗೆ ಕುಳಿತಿತು.

ಸಂಜೆಗೆ ಉಡಚಪ್ಪ ಹಾಜರು. ಗೌರವ್ವ ಬೇಲಿಯ ಬಾಯಲ್ಲಿ ಉಣ್ಣೆ ಕತ್ತರಿಸುವ ಮೊಳದುದ್ದದ ಕತ್ತರಿಯನ್ನು ಕಲ್ಲಿಗೆ ಮಸೆಯುತ್ತಿದ್ದಳು.

"ಮಾತು ಆಗೇತಿ, ಅತ್ತಿಗಿ."

"ಭಾರತ ಹುಣ್ಣಿಮಿಗೆ ಅಂತ ಆಗೇತಿ. ಹುಣ್ಣಿಮಿಗೆ ಬಾ."

ಕತ್ತರಿಯನ್ನು ನೋಡಿ ಉಡಚಪ್ಪನಿಗೂ ಹುಣ್ಣಿಮೆಯೇ ಸರಿಯೆನಿಸಿತು.

ಎರಡನೆಯ ಮರಿ ಎಂಟು ದಿನದ ಮೇಲೆ ಹುಟ್ಟಿತು. ಅದು ನಿಂತಿತು. ಗೌರವ್ವ ನಂಬದೆ ಅದರ ಸೊಂಟವನ್ನು ದೂಡಿದಳು. ಅದು ತಿರುಗಿ ಅವಳ ಮೊಣಕಾಲಿಗೆ ಹಾಯಿತು. ಮೂರನೆಯದೂ ನಿಂತಿತು. ಪುಷ್ಯ ಮುಗಿಯುವಷ್ಟರಲ್ಲಿ ಹನ್ನೊಂದು ನಿಂತವು. ಅದೇ ತಿಂಗಳು ಉಡಚಪ್ಪ ನೆರಳಿನ ದೋಷಕ್ಕೆಂದು ಬೀರಪ್ಪನಿಗೆ ಪೂಜೆ ಮಾಡಿಸಿದ. ಈ ನಡುವೆ ಪರೀಕ್ಷೆಗೆ ಕಳಿಸಿದ್ದ ರಕ್ತದ ಸೀಸೆ ದಾರಿಯಲ್ಲಿ ಒಡೆದುಹೋಯಿತೆಂದೂ ಇನ್ನೊಂದು ಕಳಿಸಬೇಕೆಂದೂ ಶ್ರೀನಿವಾಸನಿಗೆ ಕಾಗದ ಬಂತು. ಅವನು ಅದನ್ನು ಓದಿ ಹೇಳಿದಾಗ, "ಹನ್ನೊಂದು ಪರೀಕ್ಷಾ ನನ್ನ ದಡ್ಡಿಯಾಗ ಜಿಗಿದಾಡಾಕ ಹತ್ತ್ಯಾವು. ಅವನ್ನ ಕಳಸ್ರಿ," ಎಂದಳು.

ಹುಣ್ಣಿಮೆಯ ಮಧ್ಯಾಹ್ನ ದೈವ ದಡ್ಡಿಗೇ ನಡೆದು ಬಂತು. ಗೌರವ್ವ ಬೇಲಿಯ ಮುಳ್ಳು ಸರಿಸಿದಳು. ಹದಿನೇಳು ಮರಿಗಳು ಹಿರಿಯರ ಕಾಲಸಂದಿಯಲ್ಲಿ ನುಗ್ಗಿ, ಒಬ್ಬರ ಧೋತರ ಎಳೆದು, ಬಣವೆ ಹತ್ತಿ ಇಳಿದು, ಸುಮ್ಮನೆ ನಿಂತವರನ್ನೂ ಓಡಾಡಿಸಿದವು. ಹದಿನೆಂಟನೆಯದು ಮೊದಲಿನ ಒಂಬತ್ತರ ಜೊತೆ ಬೇಲಿಯೊಳಗೆ ಕುಳಿತು ನೋಡುತ್ತಿತ್ತು.

"ಒಂದು ಕುಂಟೇತಿ. ಮಾತು ಅಂದ್ರ ಮಾತು," ಎಂದ ಉಡಚಪ್ಪ.

ಮಾತಿನ ಪ್ರಕಾರ ಅವನದೇ ಸರಿ. ಎಲ್ಲರೂ ಗುರುಸಂಗಪ್ಪನ ಮುಖ ನೋಡಿದರು. ಸಾಹುಕಾರ ಮರಿಗಳನ್ನು ನೋಡುತ್ತಿದ್ದ. ಮನಸ್ಸು ಮಾತ್ರ ಗೊಬ್ಬರವಿಲ್ಲದ ತನ್ನ ಹೊಲದಲ್ಲಿತ್ತು. ಉಡಚಪ್ಪನಿಗೆ ಹಿಂಡು ಹೋದರೆ ಅವನು ಅರ್ಧವನ್ನು ಗಜೇಂದ್ರಗಡದ ಸಂತೆಗೆ ಹೊಡೆಯುತ್ತಾನೆಂಬುದು ಸಾಹುಕಾರನಿಗೆ ಗೊತ್ತಿತ್ತು. ನ್ಯಾಯಕ್ಕೆ ಅಷ್ಟು ತಿಳಿವಳಿಕೆ ಸಾಕಾಯಿತು.

"ಒಂದು ಮರಿ ಅಂದ್ರ ಬೀರಪ್ಪನ ಪಾಲು," ಎಂದ. "ದೇವ್ರ ಪಾಲು ಎಣಿಕ್ಯಾಗ ಬರಂಗಿಲ್ಲ. ಹೋದ ತಿಂಗಳ ಉಡಚಪ್ಪ ಪೂಜಾ ಮಾಡಿಸಿದ್ದಕ್ಕ ದೇವ್ರ ಸಿಟ್ಟು ಇಳದೈತಿ. ಹಿಂಡು ಗೌರವ್ವನ ಕಡೇನ ಇರಲಿ. ಮುಗೀತು."

ಹಿರಿಯರು ತಲೆದೂಗಿದರು. ಉಡಚಪ್ಪ ಹಿಂಡು ಕಳೆದುಕೊಂಡು ಪುಣ್ಯ ಪಡೆದವನ ಮುಖ ಮಾಡಿಕೊಂಡ. "ಆತು ಬಿಡು ಅತ್ತಿಗಿ, ದೇವ್ರು ದೊಡ್ಡಾಂವ."

"ಮುಗಿದಿಲ್ಲ," ಎಂದಳು ಗೌರವ್ವ. "ಹಿಂಡು ಯಾಕ ಕುಂಟ್ತು, ಹೇಳು."

"ಮಗಳ ಮದುವಿಗೆ ಪಾತ್ರಿ ಚಲೋ ಮಾಡಸಿದ್ದು ತಪ್ಪಾತೇನು?"

"ಅದು ತಪ್ಪಲ್ಲೋ! ಕಾಶೀಂಸಾಬ ಕೇಳಿದ್ರೂ ಬಿಟ್ಟಿ, ಆದ್ರ ಹಿಂಗಾಗತೈತಿ ಅಂತ ಗೊತ್ತಿಲ್ದ ಮಾಡಿದಿ. ನಾನೂ ಅದರಾಗ ಮುಖಾ ನೋಡಿಕೊಂಡು ಹಿಗ್ಗೀನಿ. ಗೊತ್ತಾದ ದಿನಾ ನನಗ ನಾನ ಬೈಕೊಂಡೀನಿ. ನಿನಗೂ ಗೊತ್ತಾಗಿ ಎರಡ ತಿಂಗಳ ಮ್ಯಾಲಾತು. ಈ ಎರಡ ತಿಂಗಳಾ ನೀ ಓಣಿಓಣಿಯೊಳಗ ನನ್ನ ನೆಳ್ಳ ಅಂದಿಯಲ್ಲ, ಅದು ತಪ್ಪು. ಈ ಹಿರ್ಯಾರ ಮುಂದ ಒಂದ ಸಲ ಅನ್ನು: ಅದು ನೆಳ್ಳಲ್ಲ, ಕಲಾಯಿ, ಅಂತ. ಸಾಕು."

ಉಡಚಪ್ಪ ಕಂಬಳಿಯ ಅಂಚು ನೋಡಿಕೊಂಡ. ಒಬ್ಬ ಹಿರಿಯ, "ಹೋಗಲಿ ಬಿಡವ್ವಾ, ಹಿಂಡು ಸಿಕ್ಕಿತಲ್ಲ," ಎಂದ. ಇನ್ನೊಬ್ಬ, ಹೆಂಗಸಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದ. ಅವಳು ಕಾದಳು. ಒಂದು ಎಲೆಅಡಿಕೆ ಜಗಿದು ಮುಗಿಯುವಷ್ಟು ಹೊತ್ತು ಕಾದಳು. ಮಾತು ಬರಲಿಲ್ಲ.

"ಇವತ್ತ ಸಂಜಿಗೆ ನಮ್ಮ ಹೊಲಕ್ಕ ಹಿಂಡು ತಂದು ತರುಬು, ಗೌರವ್ವಾ," ಎಂದ ಸಾಹುಕಾರ ಏಳುತ್ತ. "ಕಾಳು ಹಿಂದಿನಕ್ಕಿಂತ ಒಂದ ಸೇರು ಹೆಚ್ಚ ಒಯ್ಯಿ."

"ಆಗೂದಿಲ್ರಿ. ಲಕ್ಕಲಕಟ್ಟಿಯಾಗ ಮಾತು ಕೊಟ್ಟೀನಿ."

"ಲಕ್ಕಲಕಟ್ಟ್ಯಾಗ? ಯಾರಿಗೆ?"

"ಹೊಲ ಇದ್ದಾವರಿಗೆ."

ಅವರು ನೋಡುತ್ತಿದ್ದಂತೆಯೇ ಅವಳು ದಡ್ಡಿ ಕಿತ್ತಳು. ಕೊಪ್ಪರಿಗೆಯೂ ಮೊದಲಿನ ಒಂಬತ್ತು ಮರಿಗಳೂ ಗಾಡಿಗೆ ಏರಿದವು, ಹೊಸ ಕುಂಟಮರಿ ಅವಳ ಕಂಬಳಿಯ ಜೋಲಿಗೆ ಸೇರಿತು. ಕುರಿಗಳು ಧೂಳೆಬ್ಬಿಸಿ ಮೂಡಣದ ದಾರಿ ಹಿಡಿದವು. ಸಾಹುಕಾರ ಉಡಚಪ್ಪನನ್ನು ಹಿಂದೆ ಅಟ್ಟಿದ. ಅವನು ಹಳ್ಳದವರೆಗೆ, "ಅತ್ತಿಗೀ, ಏ ಅತ್ತಿಗೀ," ಎಂದು ಕೂಗುತ್ತ ಬಂದು ಅಲ್ಲಿ ನಿಂತ. ಆಗಲೂ ಬೇಕಾದ ಮಾತು ಅವನ ಬಾಯಿಂದ ಬರಲಿಲ್ಲ. ಅವಳು ತಿರುಗಲಿಲ್ಲ.

ಲಕ್ಕಲಕಟ್ಟಿಯಲ್ಲಿ ಅವಳಿಗೆ ಒಬ್ಬರೂ ಪರಿಚಯದವರಿರಲಿಲ್ಲ. ಎರಡು ದಿನದ ದಾರಿ. ಹಳ್ಳ ದಾಟಿದ ಮೇಲೆ ಅವಳು, ಅಲ್ಲಿ ಯಾರ ಹೊಲದ ಬದುವಿನಲ್ಲಿ ನಿಂತು ಯಾರನ್ನು ಏನೆಂದು ಕೇಳುವುದೆಂದು ಯೋಚಿಸತೊಡಗಿದಳು.